ಅಮ್ಮನ ಹೆಸರಿನ ಪರೋಪಜೀವಿ

ಜನವರಿ ೯

ಅಕ್ಕನಿಗೆ,

ಈ ಕೆಳಗೆ ಸಹಿ ಮಾಡಿರುವ ನಾನು ಸ್ವಸ್ಥಚಿತ್ತನಾಗಿ, ಯಾರ ಬಲವಂತಕ್ಕೂ ಒಳಗಾಗದೆ, ಅಂಚೆ ಇಲಾಖೆಯ ಸಾಕ್ಷಿಯಾಗಿ ಒಪ್ಪಿಕೊಳ್ಳುವುದೇನೆಂದರೆ, ನಾನೊಬ್ಬ ಕಳ್ಳ. ಕದ್ದ ಮಾಲು ಮೊಲ, ಒಂದು. ಬಣ್ಣ ಬಿಳಿ, ಕಣ್ಣು ಕೆಂಪು, ನಡತೆ ತೃಪ್ತಿಕರ. ಸಂಸ್ಥೆಯ ಪ್ರಾಣಿಶಾಲೆಯ ರಿಜಿಸ್ಟರಿನಲ್ಲಿ ಅದರ ಮುಂದೆ ‘ಮರಣ ಹೊಂದಿತು’ ಎಂದು ನಾನೇ ಬರೆದು, ಮುಖ ಸಪ್ಪಗೆ ಮಾಡಿಕೊಂಡು ಸಹಿ ಹಾಕಿ, ಮೃತರನ್ನು ಊಟದ ಚೀಲದಲ್ಲಿ ಕೂರಿಸಿಕೊಂಡು ಬಸ್ಸು ಹತ್ತಿದೆ. ದಾರಿಯಲ್ಲಿ ಮೃತರು ನನ್ನ ಛತ್ರಿಯ ಹಿಡಿ ಕಡಿದರು.

ಕಾರಣ ಕೇಳು. ನಾವು ಸಾಕುವ ಏಕಕೋಶ ಜೀವಿಗಳಿಗೆ ಊಟವೆಂದರೆ ರಕ್ತ ಅನ್ನುವುದು ನಿನಗೆ ಗೊತ್ತು. ಅಗಾರ್ ಎಂಬ ಪಾಚಿಯ ಅಂಟು ಕರಗಿಸಿ, ಉಗುರುಬೆಚ್ಚಗಾದಾಗ ಮೊಲದ ರಕ್ತ ಬೆರೆಸಿ, ಟ್ಯೂಬನ್ನು ಓರೆಯಾಗಿ ಮಲಗಿಸಿ ಗಟ್ಟಿ ಮಾಡಿದರೆ ಅವಕ್ಕೆ ಹಾಸಿಗೆಯೂ ಅದೇ, ಊಟವೂ ಅದೇ. ಈ ಮೊಲ ವರ್ಷಗಟ್ಟಲೆ ಕಿವಿಯ ನರದಿಂದ ರಕ್ತ ಕೊಟ್ಟಿತು. ಈಗ ವಯಸ್ಸಾಯಿತು, ‘ವಿಲೇವಾರಿ ಮಾಡತಕ್ಕದ್ದು’ ಎಂದು ಆದೇಶ ಬಂತು. ಅಷ್ಟು ಸೇವೆ ಮಾಡಿದವರಿಗೆ ಪಿಂಚಣಿ ಇಲ್ಲದಿದ್ದರೆ ಹೋಗಲಿ, ವಿಲೇವಾರಿಯೇ? ಹೀಗಾಗಿ ಜೀವಿಗಳ ಮೂಲ ಹುಡುಕಬೇಕಾದವನು ಮೊಲ ಕದ್ದೆ. ಅಕ್ಷರದಲ್ಲಿ ಸ್ವಲ್ಪ ಹೆಚ್ಚುಕಮ್ಮಿಯಾಯಿತು, ನ್ಯಾಯಾಲಯ ಕ್ಷಮಿಸಲಿ.

ಮೂರು ವರ್ಷದಿಂದ ನನ್ನ ಹತ್ತಿರ ಮಾತು ಬಿಟ್ಟಿರುವ ನಿನಗೇ ಇದನ್ನು ಯಾಕೆ ಬರೆಯುತ್ತಿದ್ದೇನೆ? ನೀನು ಯಾರಿಗೂ ಹೇಳುವುದಿಲ್ಲ ಎಂಬ ಧೈರ್ಯ. ಹೇಳಬೇಕಾದರೆ ಮೊದಲು ‘ನನ್ನ ತಮ್ಮ’ ಅನ್ನಬೇಕಾಗುತ್ತದಲ್ಲ.

ನಿನ್ನ ಟ್ಯೂಬುಗಳು ತಲುಪಿದವು. ಜೊತೆಗಿದ್ದ ಕಚೇರಿ ಪತ್ರವೂ ತಲುಪಿತು. ‘ಮಾನ್ಯರೇ’ ಅಂದಿದ್ದೀಯ. ಹುಟ್ಟಿದ ಮೇಲೆ ನನ್ನನ್ನು ಯಾರೂ ಮಾನ್ಯ ಅಂದಿರಲಿಲ್ಲ. ಹೆಂಡತಿಗೆ ತೋರಿಸಿದೆ, ಅವಳು ನಂಬಲಿಲ್ಲ. ಒಳಗೆ ನಿನ್ನ ಹಲ್ಲಿಯ ಕರುಳಿನ ಜೀವಿಗಳು ಬಾಲ ಬೀಸುತ್ತ ಆರಾಮಾಗಿದ್ದವು, ನೀನು ಇಟ್ಟ ಅಮ್ಮನ ಹೆಸರು ಹೊತ್ತುಕೊಂಡು. ನಾಯಿಯ ರಕ್ತದಲ್ಲಿ ಸಿಗುವ ಜೀವಿ ನನ್ನ ಹತ್ತಿರ ಮೊದಲೇ ಇದೆ. ಇವೆರಡರ ನೆಂಟಸ್ತಿಕೆ ಎಷ್ಟು ಹತ್ತಿರದ್ದು ಎಂದು ನೋಡಿ ಹೇಳಬೇಕು ಎಂದು ನೀನು ಬರೆಯುತ್ತಿರುವ ಪರೋಪಜೀವಿಗಳ ಕೈಪಿಡಿಯ ಸಮಿತಿ ನನ್ನನ್ನು ಕೇಳಿದೆ. ಬೇರೆ ಯಾರೂ ಸಿಗದೆ ಕೇಳಿದೆ ಎಂದು ನನಗೆ ಗೊತ್ತು, ನಿನಗೂ ಗೊತ್ತು.

ನಿನ್ನದು ಕಣ್ಣಿನ ದಾರಿ. ಸೂಕ್ಷ್ಮದರ್ಶಕದಲ್ಲಿ ಬಾಲ ಅಳೆದು, ಚಿತ್ರ ಬರೆದು, ಇದು ಬೇರೆ ಅದು ಬೇರೆ ಅಂತೀಯ. ನನ್ನದು ಗಂಜಿಯ ದಾರಿ. ಜೀವಿಯನ್ನು ಒಡೆದು, ಒಳಗಿನ ಪ್ರೋಟೀನಿನ ರಸವನ್ನು ಪಿಷ್ಟದ ಗಂಜಿ ಕಾಯಿಸಿ ಆರಿಸಿದ ಹಲಗೆಯಲ್ಲಿ ಇಟ್ಟು ಕರೆಂಟು ಕೊಟ್ಟರೆ ಪ್ರತಿ ಪ್ರೋಟೀನೂ ತನ್ನ ಶಕ್ತ್ಯನುಸಾರ ಓಡುತ್ತದೆ. ಆಮೇಲೆ ಬಣ್ಣ ಹಾಕಿದರೆ ಎಲ್ಲಿ ನಿಂತಿದೆಯೋ ಅಲ್ಲಿ ಒಂದು ಪಟ್ಟೆ. ಒಂದೇ ಕೆಲಸ ಮಾಡುವ ಕಿಣ್ವ ಎರಡು ಜೀವಿಗಳಲ್ಲಿ ಒಂದೇ ಕಡೆ ನಿಂತರೆ ಹತ್ತಿರದ ನೆಂಟರು. ದೂರ ದೂರ ನಿಂತರೆ ಬೇರೆಯಾಗಿ ಬಹಳ ಕಾಲವಾಯಿತು ಎಂದು ಅರ್ಥ. ಬಾಲ ಸುಳ್ಳು ಹೇಳಬಹುದು, ಪ್ರೋಟೀನು ಹೇಳುವುದಿಲ್ಲ.

ಮೂರು ವರ್ಷದ ಹಿಂದೆ ಸಭೆಯಲ್ಲಿ ನೀನು ಪರದೆಯ ಮೇಲೆ ಆ ಬಾಲಗಳ ಚಿತ್ರ ತೋರಿಸುತ್ತಿದ್ದಾಗ ನಾನು ಎದ್ದು ‘ಇವು ಪರೋಪಜೀವಿಗಳೋ, ಮೇಡಮ್ಮನವರ ಕಾಪಿ ಪುಸ್ತಕದ ಕೊಂಬು-ಒತ್ತುಗಳೋ’ ಎಂದು ಕೇಳಿದ್ದನ್ನು ಇಲ್ಲಿ ಎತ್ತುವುದಿಲ್ಲ. ಸಭೆ ನಕ್ಕಿತು, ನೀನು ಕಾಗದ ಜೋಡಿಸಿಕೊಂಡು ಕೂತೆ. ಎತ್ತುವುದಿಲ್ಲ ಅಂದೆನಲ್ಲ.

ನಿನ್ನ ತಮ್ಮ

ತಾ.ಕ.: ಅಮ್ಮ ಮೊಲಕ್ಕೆ ‘ಯಜಮಾನರು’ ಎಂದು ಹೆಸರಿಟ್ಟಿದ್ದಾಳೆ. ಕುರ್ಚಿಯಲ್ಲಿ ಕೂತು ಯಾರಿಗೂ ಪ್ರಯೋಜನಕ್ಕೆ ಬಾರದೆ ಮೂಗು ಅಲ್ಲಾಡಿಸುತ್ತದಂತೆ.


ಜನವರಿ ೨೨

ಅಮ್ಮಾ,

ಚೆನ್ನಾಗಿದ್ದೇನೆ. ಇಲ್ಲಿ ಚಳಿ ಇದೆ. ನೀನು ಹೆಣೆದು ಕಳಿಸಿದ ಸ್ವೆಟರ್ ದಿನಾ ಹಾಕುತ್ತೇನೆ. ಎಡತೋಳು ಬಲತೋಳಿಗಿಂತ ಒಂದು ಗೇಣು ಉದ್ದ, ಮಡಿಚಿಕೊಳ್ಳುತ್ತೇನೆ.

(ಓದುವವನಿಗೆ: ತೋಳಿನ ವಿಷಯ ಓದಬೇಡ. ‘ಸರಿಯಾಗಿ ಕೂರುತ್ತದೆ’ ಅನ್ನು.)

ಕಣ್ಣಿಗೆ ಡ್ರಾಪ್ಸ್ ಬಿಡದೆ ಹಾಕಿಕೋ. ಅಚ್ಚಿನ ಮನೆಯವರು ದಿನಾಂಕ ಕೊಟ್ಟಿದ್ದಾರೆ. ಕೈಪಿಡಿ ಜೂನ್ ಮೊದಲ ವಾರ ಅಚ್ಚಿಗೆ ಹೋಗುತ್ತದೆ. ನಾನು ಕೆಲಸಕ್ಕೆ ಸೇರಿದಾಗಿನಿಂದ ನೋಡಿದ ಜೀವಿಗಳೆಲ್ಲ ಅದರಲ್ಲಿವೆ. ನಿನ್ನ ಹೆಸರಿನದು ನೂರ ಹನ್ನೆರಡನೇ ಪುಟ. ಈ ಸಲ ಚಿತ್ರ ದೊಡ್ಡದಾಗಿ ಬರುತ್ತದೆ, ನಿನಗೂ ಕಾಣಬಹುದು.

(ಓದುವವನಿಗೆ: ಮೊಲಕ್ಕೆ ಎಲೆಕೋಸು ಒಂದನ್ನೇ ಹಾಕಬೇಡ, ಹೊಟ್ಟೆ ಉಬ್ಬರಿಸುತ್ತದೆ. ಒಣಹುಲ್ಲು ಮುಖ್ಯ. ಉಳಿದ ವಿಷಯಕ್ಕೆ ಉತ್ತರವಿಲ್ಲ.)

ನಿನ್ನ ಮಗಳು


ಫೆಬ್ರವರಿ ೧೮

ಅಕ್ಕಾ,

ಓದುವವನು ಬರೆಯುತ್ತಿದ್ದೇನೆ. ತೋಳಿನ ಸಾಲು ಬಾಯಿ ತಪ್ಪಿ ಓದಿಬಿಟ್ಟೆ. ನಿನ್ನ ಸೂಚನೆ ಅದರ ನಂತರ ಇತ್ತು. ಸೂಚನೆಯನ್ನು ಮೊದಲು ಬರೆಯಬೇಕು ಎನ್ನುವಷ್ಟು ವಿಜ್ಞಾನ ನಿನಗೆ ಗೊತ್ತಿರಬೇಕಿತ್ತು. ಅಮ್ಮ ಸೂಜಿ ಕೆಳಗಿಟ್ಟು, “ತೋಳು ಉದ್ದ ಅಂದ್ಲಾ? ಅವಳ ಕೈಯೇ ಗಿಡ್ಡ, ಚಿಕ್ಕಂದಿನಿಂದ” ಅಂದಳು. ಪುಟದ ವಿಷಯ ಎರಡು ಸಲ ಓದಿಸಿಕೊಂಡಳು. ಹಾಲು ಕೊಡುವವನಿಗೆ ಆಗಲೇ ಹೇಳಿದ್ದಾಳೆ. ನೀನು ಮೊದಲು ಆ ಹೆಸರಿಟ್ಟಾಗ “ಹಲ್ಲಿ ಹೊಟ್ಟೆಯ ಹುಳಕ್ಕಾ ನನ್ನ ಹೆಸರು? ನಾನೇನು ಅನ್ಯಾಯ ಮಾಡಿದ್ದೆ ಇವಳಿಗೆ?” ಎಂದು ವಾರಗಟ್ಟಲೆ ಮಾತು ಬಿಟ್ಟವಳು ಇವಳೇನಾ ಅನ್ನಿಸುತ್ತದೆ. ಆ ಹೆಸರು ಅಚ್ಚಾದ ನಿನ್ನ ಲೇಖನದ ಮೊದಲ ಪುಟ ಈಗಲೂ ಅವಳ ಮೇಜಿನ ಗಾಜಿನ ಕೆಳಗೆ ಇದೆ. ಅಕ್ಷರ ಕಾಣುವುದಿಲ್ಲ, ಹೆಸರು ಎಲ್ಲಿದೆ ಅನ್ನುವುದು ಬೆರಳಿಗೆ ಗೊತ್ತು.

ಇನ್ನು ಕೆಲಸದ ಸಮಾಚಾರ. ನಮ್ಮ ಪ್ರಯೋಗಾಲಯ ನೆಲಮಾಳಿಗೆಗೆ ಇಳಿದಿದೆ. ಕಿಟಕಿಯಲ್ಲಿ ದಾರಿಹೋಕರ ಚಪ್ಪಲಿ ಮಾತ್ರ ಕಾಣುತ್ತದೆ. ನಾನೂ ಈಗ ಬಾಲ ನೋಡಿ ಜಾತಿ ಹೇಳುವವರ ಹಾಗೆ ಚಪ್ಪಲಿ ನೋಡಿ ಸಂಬಳ ಹೇಳುತ್ತೇನೆ. ನಿನ್ನ ಹಲ್ಲಿಯದು ಇಲ್ಲಿ ಸರಿಯಾಗಿ ಬೆಳೆಯುತ್ತಿಲ್ಲ. ನಿನ್ನ ಹಳೇ ಮಾತು ನೆನಪಾಯಿತು: ನಮ್ಮ ತಮ್ಮನಿಗೂ ಕಲ್ಚರ್ ಇದೆ, ಟ್ಯೂಬಿನಲ್ಲಿ. ಈಗ ಅದೂ ಇಲ್ಲ.

ಕಾರಣ ರಕ್ತ. ಹೊಸ ಮೊಲ ಬೇಕೆಂದರೆ ಹಳೆಯದು ಹೇಗೆ ಸತ್ತಿತು ಎಂದು ವರದಿ ಕೊಡಬೇಕಂತೆ. ಹಳೆಯದು ನಮ್ಮ ಮನೆ ಕುರ್ಚಿಯಲ್ಲಿ ಮೂಗು ಅಲ್ಲಾಡಿಸುತ್ತಿದೆ. ಸರಿ, ಅಲ್ಲಿಂದಲೇ ಸ್ವಲ್ಪ ತೆಗೆಯೋಣ ಎಂದು ಸಿರಿಂಜು ತಂದೆ.

“ಅಮ್ಮಾ, ಕಿವಿಯಿಂದ ಒಂಚೂರು ರಕ್ತ ಬೇಕು.”

“ಯಾರ ಕಿವಿಯಿಂದ?”

“ಯಜಮಾನರದ್ದು.”

“ನಿನ್ನ ಕಿವಿ ಹಿಂಡಿ ತಗೋ. ಇಷ್ಟು ವರ್ಷ ಅದರ ರಕ್ತ ಹೀರಿದ್ದು ಸಾಲ್ಲಿಲ್ವಾ? ನೀನೋ ಪರೋಪಜೀವಿ, ನಿನ್ನ ಟ್ಯೂಬಲ್ಲಿರೋದೋ?”

ಫ್ರೀಜರಿನ ತಳದಲ್ಲಿ ಅದೇ ಮೊಲದ ಹಳೇ ರಕ್ತ ಒಂದು ಶೀಶೆಯಲ್ಲಿ ಕಲ್ಲಾಗಿ ಕೂತಿದೆ. ಅದು ಬೆಳೆಸುವುದಕ್ಕೆ ಬರದು, ಗಂಜಿಯಲ್ಲಿ ಹೋಲಿಕೆಗೆ ಇಡಲು ಸಾಕು. ಬೆಳೆಸುವುದಕ್ಕೆ ಏನೋ ಒಂದು ದಾರಿ ಮಾಡಿಕೊಂಡಿದ್ದೇನೆ. ವಿವರ ಕೇಳಬೇಡ. ನಾನು ಎಂದಾದರೂ ಸಿಕ್ಕಿಹಾಕಿಕೊಂಡಿದ್ದೇನೆಯೇ?

ನಿನ್ನ ತಮ್ಮ


ಮಾರ್ಚ್ ೪

ಬಡಾಯಿಗೆ,

ಹಲ್ಲಿಯ ದೇಹ ತಣ್ಣಗಿರುತ್ತದೆ, ನಾಯಿಯದಲ್ಲ. ನೀನು ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಬೆಚ್ಚಗೆ ಇಟ್ಟಿರುತ್ತೀಯ. ಹಲ್ಲಿಯದನ್ನು ಹೊರಗೆ ತೆಗೆದು ಆ ಚಪ್ಪಲಿ ಕಾಣುವ ಕಿಟಕಿಯ ಕೆಳಗೆ ಇಡು.

ಒಡೆಯುವ ಮುಂಚೆ ಉಪ್ಪುನೀರಿನಲ್ಲಿ ಮೂರು ಸಲ ತೊಳೆ. ಪ್ರತಿ ಸಲವೂ ಯಂತ್ರದಲ್ಲಿ ತಿರುಗಿಸಿ ಮೇಲಿನ ನೀರು ಚೆಲ್ಲು. ರಕ್ತದ ಚೂರು ಉಳಿಯಬಾರದು.

ಸ್ವೆಟರಿಗೆ ಗುಂಡಿ ಹೊಲಿಸಿಕೊಂಡೆ ಎಂದು ಅಮ್ಮನಿಗೆ ಹೇಳು.

ಅಕ್ಕ


ಏಪ್ರಿಲ್ ೩

ಅಕ್ಕಾ,

‘ಬಡಾಯಿಗೆ’ ಎಂದು ಬರೆದಿದ್ದೀಯ. ಮಾನ್ಯರೇ ಎನ್ನುವುದಕ್ಕಿಂತ ಇದೇ ಮೇಲು. ಆ ಕಾರ್ಡನ್ನು ಪರ್ಸಿನಲ್ಲಿ ಇಟ್ಟುಕೊಂಡಿದ್ದೇನೆ, ಯಾಕೆ ಎಂದು ಕೇಳಬೇಡ.

ಕಿಟಕಿಯ ಕೆಳಗೆ ಇಟ್ಟ ಮೇಲೆ ಹಲ್ಲಿಯದು ಚೇತರಿಸಿಕೊಂಡಿತು. ತುಂಬಿ ತುಳುಕುವಷ್ಟಲ್ಲ, ಗಂಜಿಗೆ ಆಗುವಷ್ಟು. ಕಳೆದ ವಾರ ಹಲಗೆ ಎರೆದೆ. ಎಡಗಡೆ ನಾಯಿಯದು, ನಡುವೆ ಹಲ್ಲಿಯದು, ಬಲಗಡೆ ಫ್ರೀಜರಿನ ಮೊಲದ ರಕ್ತ. ಊಟದ ಎಂಜಲನ್ನು ಜೀವಿಯ ಪಟ್ಟೆ ಎಂದು ಯಾರೂ ತಪ್ಪು ತಿಳಿಯಬಾರದಲ್ಲ, ಅದಕ್ಕೆ ಮೊಲ ಸಾಕ್ಷಿ. ನಾನು ಬಡಾಯಿ ಇರಬಹುದು, ದಡ್ಡನಲ್ಲ.

ಎಂಟು ಕಿಣ್ವ ನೋಡಿದೆ. ಐದರಲ್ಲಿ ಬಣ್ಣವೇ ಸರಿಯಾಗಿ ಏಳಲಿಲ್ಲ, ಒದ್ದೆ ಗೋಡೆಯ ಮೇಲಿನ ಮಸಿಯ ಹಾಗೆ. ಮೂರರಲ್ಲಿ ಎದ್ದಿತು ನೋಡು! ದಪ್ಪ ಪಟ್ಟೆ, ಕಡುನೀಲಿ. ನಾಯಿಯದೂ ಹಲ್ಲಿಯದೂ ಒಂದೇ ಗೆರೆಯಲ್ಲಿ, ಸ್ಕೇಲು ಹಿಡಿದು ಎಳೆದ ಹಾಗೆ. ಮೂರಕ್ಕೆ ಮೂರೂ. ಮೊಲದ ಪಟ್ಟೆ ದೂರದಲ್ಲಿ ಬೇರೆ ಕಡೆ, ಸಂಬಂಧವೇ ಇಲ್ಲದವರ ಹಾಗೆ ನಿಂತಿತ್ತು. ಎರಡನೆಯ ಸಲ ಓಡಿಸಿದೆ, ಅದೇ. ಮೂರನೆಯ ಸಲ, ಅದೇ.

ಅಕ್ಕಾ, ಎರಡೂ ಒಂದೇ ಜೀವಿ. ನಿನ್ನ ಹಲ್ಲಿಯದು ನಾಯಿಯದ್ದೇ, ಬೇರೆ ಮನೆಗೆ ಬಾಡಿಗೆಗೆ ಹೋಗಿದೆ ಅಷ್ಟೇ.

ನಿನ್ನೆ ಸಂಸ್ಥೆಯ ತಿಂಗಳ ಸಭೆಯಲ್ಲಿ ತೋರಿಸಿದೆ. “ಈ ಎರಡಕ್ಕೂ ಮೂಲಪುರುಷ ಒಬ್ಬನೇ. ಅವನನ್ನು ನಾನು ಗಂಜಿಯಲ್ಲಿ ಮುಖಾಮುಖಿ ನೋಡಿದ್ದೇನೆ” ಅಂದೆ. ಚಪ್ಪಾಳೆ ಬಿತ್ತು. ನಿರ್ದೇಶಕರು ನನ್ನ ಕೈ ಹಿಡಿದು ಕುಲುಕಿದರು. ಲೆಕ್ಕಪತ್ರದವರು ಕೂಡ ಕುಲುಕಿದರು, ಅವರಿಗೆ ಯಾಕೆ ಎಂದು ಗೊತ್ತಿರಲಿಲ್ಲ.

ಮನೆಗೆ ಬರುವಾಗ ಬಸ್ಸಿನಲ್ಲಿ ನೆನಪಾಯಿತು. ಒಂದೇ ಜೀವಿಗೆ ಎರಡು ಹೆಸರಿದ್ದರೆ ಹಳೆಯದು ಉಳಿಯಬೇಕು, ಹೊಸದು ಹೋಗಬೇಕು. ನಾಯಿಯದು ಹಳೆಯದು. ನಮ್ಮಮ್ಮನದು ಹೊಸದು.

ಅಮ್ಮನಿಗೆ ಇನ್ನೂ ಹೇಳಿಲ್ಲ. ಮೇಜಿನ ಹತ್ತಿರ ಹೋಗಲು ಯಾಕೋ ಕಾಲು ಬರುತ್ತಿಲ್ಲ. ಏನು ಮಾಡಲಿ ಹೇಳು.

ನಿನ್ನ ತಮ್ಮ


ಏಪ್ರಿಲ್ ೧೨

ಬಡಾಯಿಗೆ,

ಪಟ್ಟೆಗಳ ಫೋಟೋ ನೋಡಿದೆ. ಸ್ಪಷ್ಟವಾಗಿವೆ. ನನ್ನ ಕಣ್ಣಿಗೆ ವ್ಯತ್ಯಾಸ ಬಹಳ ವರ್ಷದಿಂದ ಕಂಡಿದೆ: ಹಲ್ಲಿಯದರ ಬಾಲ ದೇಹಕ್ಕಿಂತ ಉದ್ದ, ನಾಯಿಯದರದ್ದು ಹಾಗಲ್ಲ. ಆದರೆ ಬಾಲ ಊಟದ ಮೇಲೆ, ಬಿಸಿಯ ಮೇಲೆ ಬದಲಾಗಬಹುದು. ಕಣ್ಣು ತಪ್ಪಬಹುದು. ಗಂಜಿ ಸರಿಯಿದ್ದರೆ ನೂರ ಹನ್ನೆರಡನೇ ಪುಟವನ್ನು ನಾನೇ ತೆಗೆಯುತ್ತೇನೆ. ನನ್ನ ಮುಲಾಜು ನೋಡಬೇಡ. ಅಮ್ಮನ ಮುಲಾಜೂ ನೋಡಬೇಡ.

ಅಮ್ಮನಿಗೆ ಬರೆದದ್ದು ಒಳಗಿದೆ. ಇದ್ದದ್ದು ಇದ್ದ ಹಾಗೆ ಓದು. ಈ ಸಲ ನಿನ್ನ ಹಾಸ್ಯ ಬೇಡ.

ನಾನು ಕೈಪಿಡಿಯಲ್ಲಿ ಬರೆಯಬೇಕಾದ್ದರಿಂದ ಎರಡು ವಿವರ ತಿಳಿಸು. ಎಷ್ಟು ಸಲ ತೊಳೆದೆ? ಟ್ಯೂಬಿಗೆ ಹಾಕಿದ ರಕ್ತ ಯಾವುದು?

ಅಕ್ಕ


ಏಪ್ರಿಲ್ ೧೨

ಅಮ್ಮಾ,

ನಿನಗೆ ಕೊಟ್ಟಿದ್ದ ಒಂದನ್ನು ವಾಪಸು ಕೇಳಬೇಕಾಗಿ ಬಂದಿದೆ.

ಹಲ್ಲಿಯ ಕರುಳಿನಲ್ಲಿ ನಾನು ಕಂಡದ್ದು ಹೊಸ ಜೀವಿ ಎಂದು ನಂಬಿ ನಿನ್ನ ಹೆಸರಿಟ್ಟೆ. ಅದು ಹೊಸದಲ್ಲ, ನಾಯಿಯಲ್ಲಿ ಮೊದಲೇ ಸಿಕ್ಕಿದ್ದೇ ಎಂದು ಈಗ ತಿಳಿಯಿತು. ಹೊಸ ಪರೀಕ್ಷೆಯಲ್ಲಿ ತಿಳಿಯಿತು, ಒಳ್ಳೆಯ ಪರೀಕ್ಷೆ. ಆದ್ದರಿಂದ ನಿನ್ನ ಹೆಸರು ಪುಸ್ತಕದಲ್ಲಿ ಬರುವುದಿಲ್ಲ.

ನೀನು ಆಗ ಬೈದದ್ದು ಸರಿ. ಹುಳಕ್ಕೆ ಯಾರಾದರೂ ಅಮ್ಮನ ಹೆಸರು ಇಡುತ್ತಾರಾ? ಆದರೆ ನನಗೆ ಆ ವಯಸ್ಸಿನಲ್ಲಿ ಬೇರೇನೂ ಕೈಯಲ್ಲಿರಲಿಲ್ಲ. ಇದ್ದದ್ದರಲ್ಲಿ ಚೆನ್ನಾಗಿದ್ದದ್ದು ಅದೊಂದೇ.

ಯಾರ ತಪ್ಪೂ ಇಲ್ಲ. ಇದನ್ನು ಓದುತ್ತಿರುವವನ ಮೇಲೆ ಕೋಪ ಮಾಡಿಕೊಳ್ಳಬೇಡ.

ನಿನ್ನ ಮಗಳು


ಏಪ್ರಿಲ್ ೨೬

ಅಕ್ಕಾ,

ಇದ್ದ ಹಾಗೆ ಓದಿದೆ. ಒಂದು ಪದ ಸೇರಿಸಲಿಲ್ಲ, ಬಿಡಲಿಲ್ಲ. ಕೊನೆಯ ಸಾಲಿಗೆ ಬಂದಾಗ ಗಂಟಲು ಸರಿ ಮಾಡಿಕೊಂಡೆ, ಅದು ನನ್ನ ಸ್ವಂತದ್ದು.

ಅಮ್ಮ ಮೇಜಿನ ಗಾಜನ್ನು ನನ್ನ ಕೈಯಲ್ಲಿ ಎತ್ತಿಸಿ, ಆ ಪುಟ ತೆಗೆದು, ಬೋರಲು ಮಾಡಿ, ಅಲ್ಲೇ ವಾಪಸು ಇಟ್ಟಳು. ಖಾಲಿ ಬೆನ್ನು ಮೇಲೆ. ಗಾಜು ಮತ್ತೆ ಮುಚ್ಚಿಸಿ ಕೇಳಿದಳು:

“ಆ ನಾಯೀದಕ್ಕೆ ಯಾರ ಹೆಸರಿದೆ?”

“ಯಾರೋ ಹಳೇ ಕಾಲದ ಸೈನ್ಯದ ಡಾಕ್ಟರದ್ದು.”

“ಅವನ ತಾಯಿಗೆ ಖುಷಿಯಾಗಿರಬೇಕು.”

“ಅಮ್ಮಾ, ಅದು ಅವನದೇ ಹೆಸರು.”

“ಆದರೂ.”

ಅಷ್ಟೇ. ಆಮೇಲೆ ಹೆಣಿಗೆ ತಗೊಂಡಳು. ಮಾರನೇ ದಿನ ಹಾಲಿನವನು “ಅಜ್ಜೀ, ಪುಸ್ತಕ ಬಂತಾ?” ಅಂದ. “ಯಾವ ಪುಸ್ತಕ?” ಅಂದಳು. ಯಜಮಾನರನ್ನು ಈಗ ತನ್ನ ಕೋಣೆಯಲ್ಲೇ ಇಟ್ಟುಕೊಂಡಿದ್ದಾಳೆ. ನನ್ನ ಮಾತಿಗೆ ಹೂಂ ಅಂತಾಳೆ, ಊಹೂಂ ಅಂತಾಳೆ. ಅದಕ್ಕಿಂತ ಬೈದಿದ್ದರೆ ಒಳ್ಳೆಯದಿತ್ತು.

ನೀನು ಕೇಳಿದ ವಿವರ: ತೊಳೆಯುವುದು ಯಥಾಪ್ರಕಾರ, ಹಲ್ಲಿಯದು ಕಡಿಮೆ ಇದ್ದುದರಿಂದ ಪರಿಸ್ಥಿತಿಗೆ ತಕ್ಕಂತೆ. ರಕ್ತವೂ ಯಥಾಪ್ರಕಾರ. ರಕ್ತದ ಬಗ್ಗೆ ಅನುಮಾನವೇ ಬೇಡ, ಮೊಲದ ಸಾಲು ಪಕ್ಕದಲ್ಲೇ ಇತ್ತಲ್ಲ, ಫೋಟೋದಲ್ಲಿ ನೀನೇ ನೋಡಿದ್ದೀಯ. ನಿನ್ನ ಕೈಪಿಡಿಯಲ್ಲಿ ‘ವಿಧಾನ ನಿರ್ದುಷ್ಟ’ ಎಂದು ಬರೆದುಬಿಡು.

ನಿನ್ನ ತಮ್ಮ


ಮೇ ೫

ಬಡಾಯಿಗೆ,

‘ಯಥಾಪ್ರಕಾರ’ ಎಂದರೆ ನೀನು ಚಿಕ್ಕಂದಿನಿಂದ ‘ಕೇಳಬೇಡ’ ಎಂದು ಅರ್ಥ. ಅದಕ್ಕೇ ಕೇಳುತ್ತಿದ್ದೇನೆ.

ಮೊಲ ಜನವರಿಯಲ್ಲಿ ರಿಜಿಸ್ಟರಿನಲ್ಲಿ ಸತ್ತಿದೆ. ಮನೆಯಲ್ಲಿ ಬದುಕಿದೆ, ಅದರ ಕಿವಿ ಮುಟ್ಟಲು ಅಮ್ಮ ಬಿಟ್ಟಿಲ್ಲ. ಹೊಸ ಮೊಲ ಬಂದಿಲ್ಲ. ಹಳೇ ರಕ್ತ ಬೆಳೆಸುವುದಕ್ಕೆ ಬರದು. ಇಷ್ಟೂ ನೀನೇ ಬರೆದದ್ದು.

ಮೊಲದ ಸಾಲು ಮೊಲದ ಬಗ್ಗೆ ಮಾತ್ರ ಸಾಕ್ಷಿ ಹೇಳುತ್ತದೆ. ಮಾರ್ಚಿನಲ್ಲಿ ಆ ಟ್ಯೂಬುಗಳಲ್ಲಿ ಇದ್ದದ್ದು ಯಾರ ರಕ್ತ? ಒಂದೇ ಪದದಲ್ಲಿ ಉತ್ತರ ಕೊಡು. ಪುಟ ತೆಗೆಯಲು ಅಚ್ಚಿನ ಮನೆಗೆ ಬರೆದ ಕಾಗದ ನನ್ನ ಮೇಜಿನ ಮೇಲಿದೆ. ಇನ್ನೂ ಕಳಿಸಿಲ್ಲ.

ಅಕ್ಕ


ಮೇ ೨೦

ಅಕ್ಕಾ,

ನನ್ನದು.

ನೀನು ಕೇಳಿದ್ದು ಒಂದೇ ಪದ, ಕೊಟ್ಟಿದ್ದೇನೆ. ಇಷ್ಟು ದಿನ ತಡವಾದದ್ದು ಅದನ್ನು ಬರೆಯಲು ಅಲ್ಲ, ನಾಲ್ಕು ಹಲಗೆ ಗಂಜಿ ಕಾಯಿಸಲು.

ಫೆಬ್ರವರಿಯಲ್ಲಿ ಅಮ್ಮ “ನಿನ್ನ ಕಿವಿ ಹಿಂಡಿ ತಗೋ” ಅಂದಳಲ್ಲ, ಅದು ಬೈಗುಳ ಅನ್ನಿಸಲಿಲ್ಲ, ಉಪಾಯ ಅನ್ನಿಸಿತು. ಸಂಸ್ಥೆಯ ದವಾಖಾನೆಗೆ ಹೋಗಿ ನರ್ಸಮ್ಮನ ಮುಂದೆ ತೋಳು ಚಾಚಿದೆ.

“ಇಷ್ಟೊಂದು ಯಾಕೆ ಸಾರ್?”

“ಮಕ್ಕಳಿಗೆ ಊಟಕ್ಕೆ.”

“ಎಷ್ಟು ಮಕ್ಕಳು?”

“ಕೋಟಿ ಮೇಲಾಗಬಹುದು.”

ಅವರು ಕುಡಿಯಲು ಗ್ಲೂಕೋಸು ಕೊಟ್ಟು, ಮನೆಗೆ ಹೋಗಿ ಮಲಗಿ ಅಂದರು. ಆಮೇಲೆ ತಿಂಗಳಿಗೆರಡು ಸಲ ಹೋದೆ. ಜೀವಿಗಳು ತಕರಾರಿಲ್ಲದೆ ತಿಂದವು. ನನಗೆ ಹೆಮ್ಮೆಯೂ ಆಗಿತ್ತು, ವಿಜ್ಞಾನಕ್ಕೆ ರಕ್ತ ಹರಿಸಿದೆ ಎಂದು. ಯಾರಿಗೂ ಹೇಳಲಿಲ್ಲ, ಹೇಳಿದರೆ ಮೊಲ ಎಲ್ಲಿ ಎಂದು ಕೇಳುತ್ತಿದ್ದರು.

ತೊಳೆದದ್ದು ಒಂದು ಸಲ. ನಿನ್ನ ಹಲ್ಲಿಯದು ಅಷ್ಟೇ ಅಷ್ಟು ಇತ್ತು, ತೊಳೆದಂತೆಲ್ಲ ಕಡಿಮೆಯಾಗುತ್ತಿತ್ತು. ಹಲ್ಲಿಯದನ್ನು ಒಂದು ಸಲ ತೊಳೆದ ಮೇಲೆ ನಾಯಿಯದಕ್ಕೂ ಅದೇ ಮರ್ಯಾದೆ ಕೊಡಬೇಕಲ್ಲ ಎಂದು ಅದನ್ನೂ ಒಂದೇ ಸಲ. ಮೊಲದ ಸಾಲಿನಲ್ಲಿ ಆ ಪಟ್ಟೆ ಇಲ್ಲ ಎಂದ ಮೇಲೆ ಅದು ಊಟದ ಎಂಜಲಲ್ಲ, ಜೀವಿಯದೇ ಎಂದು ನಂಬಿದೆ. ಊಟ ಹಾಕಿದವನು ನಾನು, ಸಾಕ್ಷಿ ಕಟ್ಟೆಗೆ ಹತ್ತಿಸಿದ್ದು ಮೊಲವನ್ನು.

ನಿನ್ನ ಕಾರ್ಡು ಬಂದ ದಿನವೇ ಹಲಗೆ ಎರೆದೆ. ಈ ಸಲ ನಾಲ್ಕು ಸಾಲು: ನಾಯಿಯದು, ಹಲ್ಲಿಯದು, ಮೊಲ, ನಾಲ್ಕನೆಯದು ನಾನು. ಬಣ್ಣ ಹಾಕಿ, ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತೆ. ಮೊದಲು ಎದ್ದವನು ನಾನೇ. ಕಡುನೀಲಿ, ದಪ್ಪ, ಆರೋಗ್ಯವಂತ ಪಟ್ಟೆ. ನಾಯಿಯ ಸಾಲಿನಲ್ಲೂ ನಾನು, ಹಲ್ಲಿಯ ಸಾಲಿನಲ್ಲೂ ನಾನು, ಮೂರೂ ಒಂದೇ ಗೆರೆ. ಬಾಲ ಸುಳ್ಳು ಹೇಳಬಹುದು, ಪ್ರೋಟೀನು ಹೇಳುವುದಿಲ್ಲ ಎಂದು ಬರೆದವನೂ ನಾನೇ. ಪ್ರೋಟೀನು ಹೇಳಿದ್ದು ನಿಜವನ್ನೇ. ನಾನು ಹೆಸರು ಕೇಳಲಿಲ್ಲ ಅಷ್ಟೇ.

ಆಮೇಲೆ ಕಳ್ಳತನ ಬಿಟ್ಟು ಕೆಲಸಕ್ಕೆ ಕೂತೆ. ಎರಡನ್ನೂ ದೊಡ್ಡ ಬಾಟಲಿಗಳಲ್ಲಿ ಬೆಳೆಸಿ, ಮೂರು ಸಲ ತೊಳೆದು, ಒಡೆದು ಓಡಿಸಿದೆ. ನನ್ನ ಪಟ್ಟೆ ಹೋಯಿತು. ಅದರ ಹಿಂದೆ ಅಡಗಿದ್ದ ಜೀವಿಗಳ ಸ್ವಂತ ಪಟ್ಟೆಗಳು, ತೆಳ್ಳಗೆ, ಮರ್ಯಾದಸ್ಥರ ಹಾಗೆ ಮೇಲೆ ಬಂದವು. ಬಣ್ಣ ಏಳದಿದ್ದ ಐದು ಕಿಣ್ವಗಳೂ ಎದ್ದವು. ಎಂಟರಲ್ಲಿ ಆರರಲ್ಲಿ ನಾಯಿಯದು ಒಂದು ಕಡೆ, ಹಲ್ಲಿಯದು ಒಂದು ಕಡೆ. ದೂರದ ನೆಂಟರು ಹೌದು. ಒಂದೇ ಜೀವಿ ಖಂಡಿತ ಅಲ್ಲ. ಫೋಟೋಗಳು ಒಳಗಿವೆ. ಅಚ್ಚಿನ ಮನೆಯ ಕಾಗದ ಹರಿದುಹಾಕು. ನೂರ ಹನ್ನೆರಡನೇ ಪುಟ ಇದ್ದಲ್ಲೇ ಇರಲಿ.

ಅಮ್ಮನಿಗೆ ಹೇಳಿದೆ. ಕಾಗದವಿಲ್ಲದೆ, ಎದುರು ಕೂತು ಹೇಳಿದೆ. ಪಟ್ಟೆ ಎಂದರೇನು ಎಂದು ಮೊದಲಿಂದ ವಿವರಿಸಬೇಕಾಯಿತು. ಎಲ್ಲ ಕೇಳಿಸಿಕೊಂಡು, ಯಜಮಾನರ ಕಿವಿ ಸವರುತ್ತ ಕೇಳಿದಳು:

“ಅಂದ್ರೆ ಆ ನಾಯೀದಕ್ಕೂ ಹಲ್ಲೀದಕ್ಕೂ ಮೂಲ ಅಂತ ನೀನು ಊರೆಲ್ಲ ಹೇಳ್ಕೊಂಡು ಬಂದಿದ್ದು ನಿನ್ನನ್ನೇ?”

“ಹೌದಮ್ಮಾ.”

“ಮತ್ತೆ ನಿನ್ನ ಹೆತ್ತವಳು ನಾನಲ್ವೇನೋ? ಹೇಗೆ ನೋಡಿದ್ರೂ ನನ್ನ ಹೆಸರು ಇಟ್ಟಿದ್ದೇ ಸರಿ. ಎತ್ತು ಆ ಗಾಜು.”

ಎತ್ತಿದೆ. ಪುಟ ತಾನೇ ತಿರುಗಿಸಿ, ಬೆರಳಲ್ಲಿ ಹೆಸರು ಹುಡುಕಿಕೊಂಡಳು. ಆಮೇಲೆ ನನಗೆ ಚೆನ್ನಾಗಿ ಬೈದಳು, ಹಳೇದೂ ಸೇರಿಸಿ. ಬಹಳ ದಿನದ ಮೇಲೆ ನಿದ್ದೆ ಬಂತು.

ಒಂದು ಮಾತು. ಈ ತಿಂಗಳ ಸಭೆ ಮೂವತ್ತಕ್ಕೆ. ನಾನು ಎದ್ದು ನಿಂತು ಎಲ್ಲ ಬಿಡಿಸಿ ಹೇಳುತ್ತೇನೆಂದು ನಿರ್ದೇಶಕರಿಗೆ ಬರೆದುಕೊಟ್ಟಿದ್ದೇನೆ, ಮೊಲ ಸಮೇತ. ಮೊಲವನ್ನು ರಿಜಿಸ್ಟರಿನಲ್ಲಿ ಬದುಕಿಸುವುದು ಹೇಗೆ ಎಂದು ಕಚೇರಿಯವರು ತಲೆ ಕೆರೆದುಕೊಳ್ಳುತ್ತಿದ್ದಾರೆ, ಅದಕ್ಕೆ ಕಲಮೇ ಇಲ್ಲವಂತೆ. ನೀನು ಬಾ. ಬರುವಾಗ ನಿನ್ನ ಬಾಲಗಳ ಚಿತ್ರ ತಾ. ಮೊದಲು ನಿನ್ನ ಚಿತ್ರ ಪರದೆಯ ಮೇಲೆ ಬರಲಿ, ಆಮೇಲೆ ನನ್ನ ಗಂಜಿ. ಎರಡೂ ಒಂದೇ ಮಾತು ಹೇಳುತ್ತವೆ ಎಂದು ನಾನೇ ಹೇಳುತ್ತೇನೆ. ಮುಂದಿನ ಸಾಲಿನಲ್ಲಿ ಕುರ್ಚಿ ಹಿಡಿದಿಟ್ಟಿರುತ್ತೇನೆ. ಆ ದಿನ ಸಭೆ ನಕ್ಕಾಗ ನೀನೂ ನಗಬೇಕು. ಉದ್ದ ತೋಳಿನ ಸ್ವೆಟರ್ ಹಾಕಿಕೊಂಡು ಬಾ, ಅಮ್ಮನಿಗೆ ಮುಟ್ಟಿ ನೋಡಬೇಕಂತೆ.

ಸಭೆಯಲ್ಲಿ ಮೊದಲು ಕೇಳುವವರು ಲೆಕ್ಕಪತ್ರದವರು ಎಂದು ನನಗೆ ಗೊತ್ತು. “ಕೈ ಕುಲುಕಿದೆವಲ್ಲ ಸಾರ್, ನೀವು ಗಂಜಿಯಲ್ಲಿ ಮುಖಾಮುಖಿ ನೋಡಿದ ಆ ಮೂಲಪುರುಷ ಕೊನೆಗೆ ಯಾರು?” ಉತ್ತರವನ್ನು ಮೂರು ದಿನದಿಂದ ಯಜಮಾನರ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದೇನೆ. ಅವರು ಮೂಗು ಅಲ್ಲಾಡಿಸುತ್ತಾರೆ, ನಾನು ಗಂಟಲು ಸರಿ ಮಾಡಿಕೊಂಡು ಹೇಳುತ್ತೇನೆ:

“ನಾನೇ ಸ್ವಾಮಿ. ಸರಿಯಾಗಿ ತೊಳೆದಿರಲಿಲ್ಲ.”

ನಿನ್ನ ತಮ್ಮ,
ಬಡಾಯಿ